ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಕಾರಿಗೆ ಕ್ಯಾಚ್ ಕ್ಯಾನ್ ಹಾಕಿಸುವವರ ಗಮನಕ್ಕೆ

ಈ ಇಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುವುದರಿಂದ ಇಂಟೇಕ್ ವಾಲ್ವ್ ತೊಳೆದು ಹೋಗುವುದೇ ಇಲ್ಲ. ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಭಾಗದ ಗೂಡು) ಆಯಿಲ್ ಹಬೆ ಆ ವಾಲ್ವಿನ ಬೆನ್ನಿಗೆ ಕೂತು ಕರಿ ಕಟ್ಟುತ್ತದೆ. ಕ್ಯಾಚ್ ಕ್ಯಾನ್ ಅಂದರೆ ಈ ಹಬೆಯ ಆಯಿಲನ್ನು ದಾರಿಯಲ್ಲೇ ಹಿಡಿದಿಡುವ ಡಬ್ಬಿ. ಅದು ಕರಿ ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಆದರೆ ಈಗಾಗಲೇ ಕಟ್ಟಿದ್ದನ್ನು ತೆಗೆಯುವುದಿಲ್ಲ.

ಒಳಗೆ ಬ್ಯಾಫಲ್ (ಹಬೆಗೆ ಅಡ್ಡ ನಿಂತು ಆಯಿಲ್ ಬೇರ್ಪಡಿಸುವ ತಟ್ಟೆ) ಇರುವುದನ್ನೇ ತಗೊಳ್ಳಿ. ಖಾಲಿ ಡಬ್ಬಿಯಲ್ಲಿ ಹಬೆ ಹಾಗೇ ದಾಟಿಬಿಡುತ್ತದೆ. ಇಂಜಿನ್ ತಣ್ಣಗಾದ ಮೇಲೆ ಪಿಸಿವಿ ವಾಲ್ವಿನಿಂದ (ಕ್ರ್ಯಾಂಕ್‌ಕೇಸಿನ ಹಬೆ ಹೊರಬಿಡುವ ವಾಲ್ವ್) ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಹೋಗುವ ಪೈಪ್ ಬಿಚ್ಚಿ. ಪಿಸಿವಿ ಕಡೆಯದು ಕ್ಯಾನಿನ 'ಇನ್'ಗೆ, ಮ್ಯಾನಿಫೋಲ್ಡ್ ಕಡೆಯದು 'ಔಟ್'ಗೆ. ಪಿಸಿವಿ ವಾಲ್ವನ್ನು ಮಾತ್ರ ತೆಗೆಯಲೇಬೇಡಿ, ಟರ್ಬೊ ಒತ್ತಿ ಕಳಿಸುವ ಬೂಸ್ಟ್ ಗಾಳಿ ಕ್ರ್ಯಾಂಕ್‌ಕೇಸಿಗೆ ತಿರುಗಿ ನುಗ್ಗದಂತೆ ತಡೆಯುವುದು ಅದೇ. ಹೊಸ ಪೈಪ್ ಮೂಲದಷ್ಟೇ ಒಳಅಳತೆಯ, ಆಯಿಲ್ ತಡೆಯುವ, ನೂಲು ಹೆಣೆದ ರಬ್ಬರಿನದಿರಲಿ. ನೀರಿನ ಪೈಪ್ ಹಾಕಿದರೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ. ಆಗ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏರಿ ಸೀಲುಗಳಲ್ಲಿ ಆಯಿಲ್ ಜಿನುಗುತ್ತದೆ. ಐಡಲಿನಲ್ಲಿ ಇಂಜಿನ್ ನಡುಗಿದರೆ ಮೊದಲು ಪೈಪಿನ ಕ್ಲಾಂಪ್ ಸಡಿಲವಾಗಿದೆಯೇ ನೋಡಿ. ಕಾರವಾರದ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಕ್ಲಾಂಪೇ ಬೇಕು.

ಮಳೆಗಾಲದಲ್ಲಿ, ಅದರಲ್ಲೂ ಪೇಟೆಯೊಳಗೇ ಎರಡು-ಮೂರು ಕಿ.ಮೀ. ಓಡಿಸುವವರ ಕ್ಯಾನಿನಲ್ಲಿ ಹಾಲು ಹಾಕಿದ ಕಾಫಿಯಂಥ ನೊರೆ ಸಿಗುತ್ತದೆ. ಅದು ನೀರಾವಿ, ಹೆದರಬೇಡಿ. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಕಂಡು, ಕೂಲಂಟ್ ಇಳಿಯುತ್ತಿದ್ದರೆ ಅದು ಆಯಿಲಿಗೆ ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಮಳೆಯಲ್ಲಿ 1000 ಕಿ.ಮೀ.ಗೊಮ್ಮೆ, ದೇವಿಮನೆ ಘಟ್ಟ ಹತ್ತಿಳಿಯುವವರು ಇನ್ನೂ ಬೇಗ ತೆರೆದು ನೋಡಿ. ಬಸಿದದ್ದನ್ನು ಗಟಾರಕ್ಕೆ ಚೆಲ್ಲದೆ ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೇ ಕೊಡಿ.