ಮೊದಲ ಪ್ಲೇಟ್ ಹೇಳಿದ ಸುಳ್ಳು

ಮೊದಲ ಪ್ಲೇಟ್ ನೋಡಿದಾಗ ಕುಣಿಯುವುದೊಂದು ಬಾಕಿ ಇತ್ತು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ, ಪೈಪರಿನ್ ಜೊತೆಗೆ ಸೇರಿದ ಕೂಡಲೇ ಮೇಲಿನ ಸಾಲುಗಳಲ್ಲಿ ಬೆಳೆದೇ ಇರಲಿಲ್ಲ. ಆ ಖುಷಿ ಉಳಿದದ್ದು ನಾಲ್ಕೇ ದಿನ.

ಪೈಪರಿನ್ ಅಂದರೆ ಕರಿಮೆಣಸಿಗೆ ಖಾರ ಕೊಡುವ ವಸ್ತು. ನಾನು ತೆಗೆದುಕೊಂಡ ತಳಿಯಲ್ಲಿ ನಾರ್‌ಎ ಎಂಬ ಪಂಪ್ ಜಾಸ್ತಿ. ಒಳಗೆ ಬಂದ ಔಷಧವನ್ನು ಅದು ಹೊರಗೆ ತಳ್ಳುತ್ತಲೇ ಇರುತ್ತದೆ, ತೂತು ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ. ಪೈಪರಿನ್ ಈ ಪಂಪನ್ನು ತಡೆಯುತ್ತದೆ ಎಂದು ಬೇರೆಯವರು ಮೊದಲೇ ತೋರಿಸಿದ್ದರು. ನನ್ನ ಕೈಯಲ್ಲೂ ಆಗುತ್ತಾ ಅಂತ ನೋಡಬೇಕಿತ್ತು, ಅಷ್ಟೇ.

ವಿಧಾನ ಹಳೆಯದು, ಚೆಕರ್‌ಬೋರ್ಡ್. 96 ಗುಳಿಗಳ ಪ್ಲೇಟಿನಲ್ಲಿ ಅಡ್ಡಕ್ಕೆ ಆಂಟಿಬಯಾಟಿಕ್, ಉದ್ದಕ್ಕೆ ಪೈಪರಿನ್. ಎರಡನ್ನೂ ಅರ್ಧರ್ಧ ತೆಳು ಮಾಡುತ್ತಾ ಹೋಗುವುದು. ಮಿಲಿಲೀಟರಿಗೆ 5 ಲಕ್ಷದಷ್ಟು ಬ್ಯಾಕ್ಟೀರಿಯಾ ಹಾಕಿ, ರಾತ್ರಿಯೆಲ್ಲ 37 ಡಿಗ್ರಿಯಲ್ಲಿ ಇಟ್ಟು, ಮರುದಿನ ರೆಸಜೂರಿನ್ ಎಂಬ ಬಣ್ಣ ಸೇರಿಸಿದರೆ ಜೀವ ಇರುವ ಗುಳಿ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ.

ಎಡವಿದ್ದು ಎಲ್ಲಿ ಅಂದರೆ, ಪೈಪರಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದೆ. ಪೈಪರಿನ್ ಜಾಸ್ತಿ ಇದ್ದ ಸಾಲಿನಲ್ಲಿ ಆ ದ್ರಾವಕವೂ ಶೇ. 10ರಷ್ಟಾಗಿತ್ತು! ಬರೀ ಡಿಎಂಎಸ್‌ಒ ಹಾಕಿ ನೋಡಿದೆ. ಬ್ಯಾಕ್ಟೀರಿಯಾ ಅದಕ್ಕೇ ಸೊರಗಿತ್ತು. ಶ್ರೇಯಸ್ಸು ಮಾತ್ರ ಮೆಣಸಿಗೆ ಹೋಗಿತ್ತು.

ಮತ್ತೆ ಮಾಡಿದೆ. ಈ ಸಲ ಎಲ್ಲ ಗುಳಿಗಳಲ್ಲೂ ಡಿಎಂಎಸ್‌ಒ ಶೇ. 1. ಸಿಪ್ರೊಫ್ಲಾಕ್ಸಾಸಿನ್ ಒಂಟಿಯಾಗಿದ್ದಾಗ ಬೆಳವಣಿಗೆ ನಿಲ್ಲಿಸಲು ಮಿಲಿಲೀಟರಿಗೆ 8 ಮೈಕ್ರೊಗ್ರಾಂ ಬೇಕಿತ್ತು. 25 ಮೈಕ್ರೊಗ್ರಾಂ ಪೈಪರಿನ್ ಜೊತೆ 2 ಸಾಕಾಯಿತು. 4ಕ್ಕೆ ಇಳಿದಿದ್ದರೆ ನಾನು ನಂಬುತ್ತಿರಲಿಲ್ಲ. ಒಂದು ಗುಳಿ ಆಚೀಚೆ ಆಗುವುದು ಈ ಪರೀಕ್ಷೆಯಲ್ಲಿ ಮಾಮೂಲಿ. ಪೈಪರಿನ್ ಒಂದೇ 100ರಲ್ಲೂ ಬೆಳವಣಿಗೆ ನಿಲ್ಲಿಸಲಿಲ್ಲ, ಅಷ್ಟು ಹಾಕಿದಾಗ ತಳದಲ್ಲಿ ಪುಡಿಯೂ ಕೂತಿತ್ತು. 100 ಅಂತಲೇ ಹಿಡಿದರೆ ಎಫ್ಐಸಿ ಸೂಚ್ಯಂಕ (ಒಂಟಿಯಾಗಿ ಬೇಕಾದ್ದರಲ್ಲಿ ಎಷ್ಟು ಪಾಲು ಜೋಡಿಯಲ್ಲಿ ಸಾಕಾಯಿತು ಎಂಬುದನ್ನು ಎರಡಕ್ಕೂ ಲೆಕ್ಕ ಹಾಕಿ ಕೂಡಿಸಿದ್ದು) 0.25 ಕೂಡಿಸು 0.25, ಅಂದರೆ 0.5. ಒಂದಕ್ಕೊಂದು ಬಲ ಕೊಡುತ್ತಿವೆ ಅನ್ನಲು ಅಷ್ಟು ಸಾಕು, ಆದರೆ ಸರಿಯಾಗಿ ಗೆರೆಯ ಮೇಲೆ.

ಗೆರೆಯ ಮೇಲಿನ ಉತ್ತರ ನನಗೆ ಸಮಾಧಾನ ಕೊಡುವುದಿಲ್ಲ. ಅದಕ್ಕೇ ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣದಿಂದ ಪ್ರಯೋಗ ಮಾಡಿದೆ. ಅದು ಜೀವಕೋಶದೊಳಗೆ ಡಿಎನ್‌ಎಗೆ ಅಂಟಿದಾಗ ಹೊಳೆಯುತ್ತದೆ. ಪಂಪ್ ಹೊರಗೆ ಹಾಕಿದರೆ ಹೊಳಪು ಇಳಿಯುತ್ತದೆ. ಪೈಪರಿನ್ ಇದ್ದಾಗ ಹೊಳಪು ತುಂಬಾ ನಿಧಾನವಾಗಿ ಇಳಿಯಿತು. ನಾರ್‌ಎ ತೆಗೆದುಹಾಕಿದ ತಳಿಯ ಮೇಲೆ ಇದೇ ಜೋಡಿಯಿಂದ ಏನೂ ಆಗಲಿಲ್ಲ, ಅಂದರೆ ಪೈಪರಿನ್ ಕೆಲಸ ಮಾಡಿದ್ದು ಆ ಪಂಪಿನ ಮೂಲಕವೇ. ನಿಜ ಹೇಳಬೇಕೆಂದರೆ, ಈ 'ಏನೂ ಆಗಲಿಲ್ಲ' ನೋಡಿದಾಗ ಆದಷ್ಟು ಖುಷಿ ಬೇರೆ ಯಾವುದಕ್ಕೂ ಆಗಲಿಲ್ಲ.

ಹಾಗಾದರೆ ಮಾತ್ರೆ ಜೊತೆ ಮೆಣಸು ತಿಂದರೆ ಆಯಿತಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಪ್ಲೇಟಿನಲ್ಲಿ ಹಾಕಿದ ಪ್ರಮಾಣ ತಿಂದು ರಕ್ತಕ್ಕೆ ಬರುವಂಥದ್ದಲ್ಲ. ಮೇಲಾಗಿ ಔಷಧವನ್ನು ಒಡೆದುಹಾಕುವ ನಮ್ಮ ಯಕೃತ್ತಿನ ಕಿಣ್ವಗಳನ್ನೂ ಪೈಪರಿನ್ ತಡೆಯುತ್ತದೆ. ಈಗ ಅದೇ 25 ಮೈಕ್ರೊಗ್ರಾಂ ಮನುಷ್ಯರ ಜೀವಕೋಶಗಳನ್ನು ಏನು ಮಾಡುತ್ತದೆ ಅಂತ ನೋಡುತ್ತಿದ್ದೇನೆ. ಬರೀ ಡಿಎಂಎಸ್‌ಒ ಸಾಲು ಈ ಸಲ ಮೊದಲ ಪ್ಲೇಟಿನಲ್ಲೇ ಇದೆ.