ಮೇಳದವರು ಗೆಳೆಯರೇ ಆಗಿರಬೇಕೇ?

ಭಜನಾ ಮೇಳ ಕಟ್ಟಲು ಜೀವದ ಗೆಳೆಯರೇ ಬೇಕಿಲ್ಲ. ಹೇಳಿದ ಹೊತ್ತಿಗೆ ಬರುವವರು ಬೇಕು. ಬಾಗಲಕೋಟೆ ಕಡೆ ರಾತ್ರಿಯಿಡೀ ಹಾಡುವ ಮೇಳವಾದರೆ ಕೂಡಿ ರೊಟ್ಟಿ ತಿನ್ನುವಷ್ಟು ಹೊಂದಿಕೆ ಸಾಕು.

ತಾಲೀಮು ವಾರಕ್ಕೆ 2 ಸಂಜೆ, ಒಂದೂವರೆ ತಾಸು. ತಪ್ಪನ್ನು ಅಲ್ಲೇ ಹೇಳಿ, ಚಹಾದಂಗಡಿಯಲ್ಲಲ್ಲ. ಗೆಳೆತನ ಅತಿಯಾದಲ್ಲಿ ‘ಲಯ ಓಡಾಕತ್ತೈತಿ’ ಅನ್ನಲು ಬಾಯಿ ಬರುವುದಿಲ್ಲ.

ಶ್ರುತಿ ಮೊದಲೇ ಗೊತ್ತುಮಾಡಿ. ಕಾಳಿ ಎರಡರ (ಪೇಟಿಯ, ಅಂದರೆ ಹಾರ್ಮೋನಿಯಂನ, ಎರಡನೇ ಕಪ್ಪು ಕೀಯ ಶ್ರುತಿ) ತಬಲಾವನ್ನು ಕಾಳಿ ಒಂದಕ್ಕೆ ಇಳಿಸಿದರೆ ಬಾರು ಸಡಿಲಾಗಿ ದನಿ ಮಂಕು. ಸಿಟ್ಟು ಮಾತ್ರ ಪೇಟಿಯವನ ಮೇಲೆ!

ಮೇಳ ಒಡೆಯುವುದು ಹೆಚ್ಚಾಗಿ ರೊಕ್ಕಕ್ಕೆ. ಸಂಚಕಾರ, ಅಂದರೆ ಮುಂಗಡ ರೊಕ್ಕ, ಹಿಡಿದ ದಿನವೇ ವಹಿಯಲ್ಲಿ ಬರೆಯಿರಿ. ಟಂಟಂ ಗಾಡಿಯ ಬಾಡಿಗೆ, ಮೈಕಿನ ಖರ್ಚು ಕಳೆದು ಉಳಿದದ್ದನ್ನು ಎಲ್ಲರೆದುರು ಹಂಚಿ. ಪೇಟಿಯವನಿಗೆ ಒಂದು ಪಾಲು ಹೆಚ್ಚಿದ್ದರೆ ಅದನ್ನೂ ಆಗಲೇ ಹೇಳಿಬಿಡಿ.