ರೆಸಾರ್ಟ್ ಕಡಲದಡದಲ್ಲಿದೆ, ಸರಿ, ಸ್ಕೂಬಾಗೆ ಆದೀತೇ?

ಕಾಸರಗೋಡು ಜಿಲ್ಲೆಯ ಬೇಕಲ, ಕಾಪಿಲ್ ಕಡೆಯ ರೆಸಾರ್ಟ್‌ಗಳಲ್ಲಿ ಉಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಇಷ್ಟು ಚಂದದ ಕಡಲಲ್ಲಿ ಸ್ಕೂಬಾ ಯಾಕಿಲ್ಲ?’ ಎಂದು. ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗಿ ನೋಡುವುದು. ದಡ ಚಂದ ಇರುವುದಕ್ಕೂ ನೀರೊಳಗೆ ನೋಡಲು ಏನಾದರೂ ಇರುವುದಕ್ಕೂ ಸಂಬಂಧವಿಲ್ಲ. ಮೈಲುಗಟ್ಟಲೆ ಹೊಯಿಗೆ (ಮರಳು) ಹಾಸಿದ ದಡದ ಮುಂದೆ ಕಡಲತಳವೂ ಬಹುಮಟ್ಟಿಗೆ ಹೊಯಿಗೆಯೇ ಆಗಿರುತ್ತದೆ. ಹೊಯಿಗೆಯಲ್ಲಿ ಹವಳ ಬೇರೂರುವುದಿಲ್ಲ, ಮೀನಿಗೆ ಅಡಗಲು ಸಂದುಗೊಂದು ಇರುವುದಿಲ್ಲ. ಆದ್ದರಿಂದ ಒಂದು ಜಾಗ ಸ್ಕೂಬಾಗೆ ಯೋಗ್ಯವೇ ಎಂಬುದನ್ನು ರೆಸಾರ್ಟಿನ ಫೋಟೊ ನೋಡಿ ತೀರ್ಮಾನಿಸಬೇಡಿ. ಮುಂಗಡ ಕೊಡುವ ಮೊದಲು ಮನೆಯಲ್ಲೇ ಕೂತು ಮಾಡಬಹುದಾದ ಪರಿಶೀಲನೆ ಇಲ್ಲಿದೆ.

ಮೊದಲು, ನಿಮಗೆ ಬೇಕಾದದ್ದು ಯಾವುದು?

ಪ್ರಮಾಣಪತ್ರ ಇಲ್ಲದವರಿಗೆ ಸಿಗುವುದು ಪರಿಚಯದ ಮುಳುಗು. ಸ್ಕೂಬಾ ತರಬೇತಿ, ಪ್ರಮಾಣಪತ್ರ ಕೊಡುವ ಪ್ಯಾಡಿ ಸಂಸ್ಥೆಯ ನಿಯಮದಂತೆ ಇದರಲ್ಲಿ 12 ಮೀಟರಿಗಿಂತ ಆಳಕ್ಕೆ ಇಳಿಸುವಂತಿಲ್ಲ, ವಯಸ್ಸು ಕನಿಷ್ಠ 10 ಆಗಿರಬೇಕು. ‘ಓಪನ್ ವಾಟರ್’ ಪ್ರಮಾಣಪತ್ರ ಇದ್ದರೆ 18 ಮೀಟರ್, ‘ಅಡ್ವಾನ್ಸ್ಡ್’ ಇದ್ದರೆ 30 ಮೀಟರ್. ಪರಿಚಯದ ಮುಳುಗಿಗೆ 5–6 ಮೀಟರ್ ಆಳದ ಒಂದು ಪಾದೆಕಲ್ಲು, ಅದರ ಸುತ್ತ ನಾಲ್ಕು ಬಗೆಯ ಮೀನು, ತಿಳಿನೀರು ಇದ್ದರೆ ಸಾಕು. ಪ್ರಮಾಣಪತ್ರ ಇದ್ದವರಿಗೆ ಅದೇ ಜಾಗ ಮೊದಲ ದಿನವೇ ಮುಗಿದುಹೋಗುತ್ತದೆ. ಮನೆಯಲ್ಲಿ ಎರಡೂ ಬಗೆಯವರಿದ್ದರೆ ಎರಡಕ್ಕೂ ಬೇರೆ ಬೇರೆ ಸ್ಥಳಗಳಿವೆಯೇ ಎಂದು ಕೇಳಿ.

ಕಡಲತಳ, ಹೊಳೆ, ದ್ವೀಪ

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಮೂರು ಸಂಗತಿ ನೋಡಿ: ಹತ್ತಿರದಲ್ಲಿ ಹೊಳೆಯ ಅಳಿವೆ ಇದೆಯೇ, ದಡದಾಚೆ ಬಂಡೆ ಅಥವಾ ದ್ವೀಪ ಇದೆಯೇ, ಅದು ಎಷ್ಟು ದೂರ. ಕಾಸರಗೋಡು ಜಿಲ್ಲೆಯ 12 ಹೊಳೆಗಳೂ ಕಡಲು ಸೇರುವುದು ಇದೇ ಕಿರಿದಾದ ಕರಾವಳಿಯಲ್ಲಿ. ಚಂದ್ರಗಿರಿ ಹೊಳೆ ಮಳೆಗಾಲದಲ್ಲಿ ತರುವ ಕೆಂಪು ಮಣ್ಣು ದಡದುದ್ದಕ್ಕೂ ಹರಡಿ ತಳದಲ್ಲಿ ಕೂರುತ್ತದೆ. ಮುಂದೆ ತುಸು ತೆರೆ ಎದ್ದರೂ ಮತ್ತೆ ಕಲಕುತ್ತದೆ. ಹವಳಕ್ಕೆ ಬಿಸಿಲು ಇಳಿಯುವ ತಿಳಿ ಉಪ್ಪುನೀರು ಬೇಕು. ಕೆಸರು, ಸಿಹಿನೀರು ಎರಡೂ ಅದಕ್ಕೆ ಆಗದು. ಬೇಕಲದಲ್ಲಿ ಸ್ಕೂಬಾ ಬೆಳೆಯದಿರುವುದಕ್ಕೆ ಕಾರಣ ಇದು. ಬೇಕಲಕ್ಕೆ ಕೋಟೆ ನೋಡಲು, ಹಿನ್ನೀರಿನಲ್ಲಿ ದೋಣಿಯಲ್ಲಿ ಸುತ್ತಲು ಹೋಗಿ; ಸ್ಕೂಬಾಗೆಂದು ಕೋಣೆ ಕಾಯ್ದಿರಿಸಬೇಡಿ.

ಡೆಹ್ರಾಡೂನಿನ ರಾಷ್ಟ್ರೀಯ ಜಲನಕ್ಷಾ ಕಚೇರಿಯ ನಕ್ಷೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಆಳದ ಅಂಕಿಗಳ ಪಕ್ಕ ತಳದ ಗುರುತೂ ಇರುತ್ತದೆ: ‘ಎಸ್’ ಎಂದರೆ ಹೊಯಿಗೆ, ‘ಎಂ’ ಕೆಸರು, ‘ಆರ್’ ಬಂಡೆ, ‘ಸಿಒ’ ಹವಳ. ಎಸ್, ಎಂ ಮಾತ್ರ ಕಂಡರೆ ಆ ಜಾಗ ಬಿಟ್ಟುಬಿಡಿ.

ಈ ಪರೀಕ್ಷೆಯಲ್ಲಿ ನಮ್ಮವರಿಗೆ ಹತ್ತಿರದಲ್ಲಿ ಪಾಸಾಗುವುದು ಮುರುಡೇಶ್ವರದ ಎದುರಿನ ನೇತ್ರಾಣಿ. ದಡದಿಂದ ಸುಮಾರು 19 ಕಿ.ಮೀ. ದೂರದ ಬಂಡೆಯ ದ್ವೀಪ. ಹೊಳೆಯ ಕೆಸರು ಅಷ್ಟು ದೂರ ಮುಟ್ಟುವುದು ಕಡಿಮೆ. ಕಾಸರಗೋಡಿನಿಂದ ಮುರುಡೇಶ್ವರಕ್ಕೆ ರಸ್ತೆಯಲ್ಲಿ 200 ಕಿ.ಮೀ.ಗಿಂತ ತುಸು ಹೆಚ್ಚು. ಮಹಾರಾಷ್ಟ್ರದ ಮಾಲ್ವಣ–ತಾರ್ಕರ್ಲಿಗೆ ಕುಡಾಳ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿ ಸಿಂಧುದುರ್ಗ ಕೋಟೆಯ ಆಸುಪಾಸಿನ ಬಂಡೆಗಳಲ್ಲಿ ಆಳ ಕಡಿಮೆ, ಪರಿಚಯದ ಮುಳುಗಿಗೆ ಅನುಕೂಲ. ನಿಜವಾದ ಹವಳದಿಬ್ಬ ಬೇಕಾದರೆ ಲಕ್ಷದ್ವೀಪ. ಅದಕ್ಕೆ ಪ್ರವೇಶ ಪರವಾನಗಿ ಬೇಕು, ಹೆಚ್ಚಿನವರು ಹೊರಡುವುದು ಕೊಚ್ಚಿಯಿಂದ. 1998, 2010, 2016 ಮತ್ತು 2024ರಲ್ಲಿ ಕಡಲು ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡಿತ್ತು. ಹಾಗಾಗಿ ಹಳೆಯ ಫೋಟೊ ನಂಬದೆ, ಕಳೆದ ಋತುವಿನಲ್ಲಿ ತೆಗೆದ ಚಿತ್ರಗಳನ್ನು ಕೇಳಿ ತರಿಸಿಕೊಳ್ಳಿ.

ತಿಂಗಳು, ತೆರೆ, ತಿಥಿ

ಓಣಂ ರಜೆಗೆ ಸ್ಕೂಬಾ ಇಟ್ಟುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಲ್ಲಿ ದೋಣಿ ಇಳಿಸುವುದೇ ಕಷ್ಟ. ಮಳೆಗಾಲದ ಕೊನೆಗೆ ಆಳದ ತಣ್ಣೀರು ದಡದತ್ತ ಏರಿ ಬಂದು ಸೂಕ್ಷ್ಮ ಪಾಚಿ ಹಬ್ಬುತ್ತದೆ. ಬೂತಾಯಿ, ಬಂಗುಡೆಗೆ ಅದು ಮೇವು, ಮುಳುಗುವವರಿಗೆ ಹಸಿರು ಮಬ್ಬು. ಅಕ್ಟೋಬರಿನಲ್ಲಿ ಕೇಂದ್ರಗಳು ತೆರೆದರೂ ನೀರು ತಿಳಿಯಾಗಲು ಸಮಯ ಬೇಕು. ಶಾಲೆಯ ಮಕ್ಕಳಿರುವ ಮನೆಗೆ ಕ್ರಿಸ್ಮಸ್ ರಜೆ ಎಲ್ಲಕ್ಕಿಂತ ಒಳ್ಳೆಯದು.

ಏಪ್ರಿಲ್–ಮೇ ರಜೆಯಲ್ಲಿ ಎಚ್ಚರ ಬೇಕಾದದ್ದು ಕಳ್ಳಕ್ಕಡಲ್‌ಗೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದ ಉದ್ದ ತೆರೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುತ್ತವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಮುನ್ಸೂಚನೆಯಲ್ಲಿ ಹೆಚ್ಚಿನವರು ತೆರೆಯ ಎತ್ತರ ಮಾತ್ರ ನೋಡುತ್ತಾರೆ. ಎರಡು ತೆರೆಗಳ ನಡುವಿನ ಸೆಕೆಂಡುಗಳನ್ನೂ ನೋಡಬೇಕು. ಆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಆಳ ಕಡಲಲ್ಲಿ ತೆರೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಅದರ ಅರ್ಧದಷ್ಟು ಆಳದವರೆಗೂ ತೆರೆ ನೀರನ್ನು ಅಲ್ಲಾಡಿಸುತ್ತದೆ. ಸ್ಥಳೀಯ ಗಾಳಿಯ 6 ಸೆಕೆಂಡಿನ ತೆರೆಯ ಉದ್ದ 56 ಮೀಟರ್, ಅದರ ಬಲ 28 ಮೀಟರಿನೊಳಗೆ ಕರಗಿಹೋಗುತ್ತದೆ. 14 ಸೆಕೆಂಡಿನದ್ದು 300 ಮೀಟರ್ ದಾಟುತ್ತದೆ. ಅದು 15 ಮೀಟರ್ ಆಳದ ತಳವನ್ನು ಹೆಚ್ಚೇನೂ ಕುಂದದೆ ಮುಟ್ಟಿ ಹೊಯಿಗೆ ಎಬ್ಬಿಸುತ್ತದೆ. ಮೇಲೆ ಕಡಲು ಸಪಾಟು, ಒಳಗೆ ಕೈ ಚಾಚಿದರೆ ಬೆರಳು ಕಾಣದು ಎಂಬ ಸ್ಥಿತಿಗೆ ಇದೇ ಕಾರಣ.

ಪಂಚಾಂಗವನ್ನೂ ಒಮ್ಮೆ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಭರತ–ಇಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿ ಕಳೆದ ಒಂದೆರಡು ದಿನ ಸೆಳೆತ ಕಡಿಮೆ, ನೀರೂ ತಿಳಿ. ಹೊಸಬರಿಗೆ ಆ ದಿನಗಳೇ ವಾಸಿ.

ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕಾದ್ದು

‘ಒಂದು ಗಂಟೆ ಸ್ಕೂಬಾ’ ಎಂದರೆ ನೀರೊಳಗೆ ಎಷ್ಟು ನಿಮಿಷ ಎಂದು ನೇರವಾಗಿ ಕೇಳಿ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರಿನದ್ದು, 200 ಬಾರ್ ಒತ್ತಡಕ್ಕೆ ತುಂಬಿರುತ್ತದೆ. ಕೊನೆಯ 50 ಬಾರ್ ಮುಟ್ಟಬಾರದು. ಬಳಸಲು ಸಿಗುವುದು 150 ಗುಣಿಸು 11, ಅಂದರೆ 1,650 ಲೀಟರ್. ನಿರಾಳವಾಗಿ ಉಸಿರಾಡುವವರಿಗೆ ಮೇಲೆ ನಿಮಿಷಕ್ಕೆ ಸುಮಾರು 20 ಲೀಟರ್ ಸಾಕು. 10 ಮೀಟರ್ ಕೆಳಗೆ ಒತ್ತಡ ಇಮ್ಮಡಿ, ಖರ್ಚೂ 40 ಲೀಟರ್: 41 ನಿಮಿಷ ಬರುತ್ತದೆ. 18 ಮೀಟರಿನಲ್ಲಿ 56 ಲೀಟರ್: 29 ನಿಮಿಷ. ಹೆದರಿಕೆಯಿಂದ ಏದುಸಿರು ಬಿಡುವ ಹೊಸಬರು ಮೇಲೆಯೇ 30 ಲೀಟರ್ ಎಳೆಯುತ್ತಾರೆ. ಅವರಿಗೆ 10 ಮೀಟರಿನಲ್ಲಿ 27 ನಿಮಿಷವಷ್ಟೆ. ಈ ಲೆಕ್ಕಕ್ಕೆ ಹೊಂದದ ಮಾತು ಹೇಳಿದರೆ ಆ ಗಂಟೆಯಲ್ಲಿ ಉಡುಪು ಹಾಕುವುದು, ತರಬೇತಿ ಎಲ್ಲ ಸೇರಿದೆ ಎಂದೇ ತಿಳಿಯಿರಿ.

ಒಬ್ಬ ಬೋಧಕನಿಗೆ ಎಷ್ಟು ಜನ? ಮೊದಲ ಬಾರಿಯವರಿಗೆ ಒಬ್ಬರಿಗೊಬ್ಬ ಅಥವಾ ಇಬ್ಬರಿಗೊಬ್ಬ ಇರಲಿ. ನೀರಿಗಿಳಿಯುವ ಮೊದಲು ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆಯೇ? ಅಸ್ತಮಾ, ಅಪಸ್ಮಾರ, ಹೃದ್ರೋಗ, ಕಿವಿಯ ಶಸ್ತ್ರಚಿಕಿತ್ಸೆ ಆದವರಿಗೆ ವೈದ್ಯರ ಒಪ್ಪಿಗೆ ಬೇಕು, ಗರ್ಭಿಣಿಯರು ಇಳಿಯಬಾರದು. ಇದ್ಯಾವುದನ್ನೂ ಕೇಳದೆ ‘ಬನ್ನಿ ಸಾರ್, ಏನೂ ಆಗುವುದಿಲ್ಲ’ ಎನ್ನುವ ಕಡೆಗೆ ಹೋಗಲೇಬೇಡಿ. ಶೀತವಾಗಿ ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗದು, ತಮಟೆ ಹರಿಯಬಹುದು. ಅಂಥ ದಿನ ದಿನಾಂಕ ಮುಂದೂಡುತ್ತಾರೆಯೇ ಎಂದೂ ವಿಚಾರಿಸಿ.

ದೋಣಿಯ ಆಮ್ಲಜನಕದ ಬಗ್ಗೆ ಕೇಳುವವರೇ ಕಡಿಮೆ. ಬೇಗ ಮೇಲೆ ಬಂದು ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಎದ್ದರೆ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ನಿಮಿಷಕ್ಕೆ 15 ಲೀಟರ್. ನೇತ್ರಾಣಿಯಿಂದ ದಡಕ್ಕೆ ಒಂದೂವರೆ ಗಂಟೆ ಹಿಡಿದರೆ 1,350 ಲೀಟರ್ ಬೇಕು. ಆಂಬುಲೆನ್ಸ್‌ಗಳಲ್ಲಿ ಕಾಣುವ 10 ಲೀಟರಿನ ಸಿಲಿಂಡರ್ 150 ಬಾರ್ ತುಂಬಿದ್ದರೆ 1,500 ಲೀಟರ್ ಕೊಡುತ್ತದೆ. ಅದಕ್ಕಿಂತ ಚಿಕ್ಕದು ನಡುಗಡಲಲ್ಲೇ ಖಾಲಿ. ಗುಳ್ಳೆ ಕರಗಿಸಲು ರೋಗಿಯನ್ನು ಹೆಚ್ಚಿನ ಗಾಳಿಯೊತ್ತಡದಲ್ಲಿ ಇರಿಸುವ ಒತ್ತಡದ ಕೋಣೆ ಯಾವ ಊರಿನಲ್ಲಿದೆ, ತಲುಪಲು ಎಷ್ಟು ಹೊತ್ತು ಎಂಬುದೂ ಅವರಿಗೆ ಬಾಯಿಪಾಠ ಇರಬೇಕು. ಈ ಚಿಕಿತ್ಸೆಗೆ 2.8 ವಾತಾವರಣದಷ್ಟು ಒತ್ತಡ ಬೇಕಾಗುವುದರಿಂದ ಸೌಂದರ್ಯ ಚಿಕಿತ್ಸಾಲಯಗಳ ಗಾಳಿಚೀಲದಂಥ ಕೋಣೆ ಸಾಲದು.

ಸ್ಥಳಕ್ಕೆ ಹೋದ ಮೇಲೆ ಸಿಲಿಂಡರಿನ ಗಾಳಿಯನ್ನು ಒಮ್ಮೆ ಮೂಸಿ. ಎಣ್ಣೆಯ ಅಥವಾ ಹೊಗೆಯ ವಾಸನೆ ಇದ್ದರೆ ಕಂಪ್ರೆಸರ್ ತನ್ನದೇ ಇಂಜಿನ್ನಿನ ಹೊಗೆ ಎಳೆದಿರಬಹುದು. ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಆಳದಲ್ಲಿ ಇನ್ನಷ್ಟು ವಿಷ. ಆದರೆ ಆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವಾದ್ದರಿಂದ ಹೊಗೆಕೊಳವೆ ಎತ್ತ ಇದೆ, ಗಾಳಿ ಎಳೆಯುವ ಕೊಳವೆ ಎತ್ತ ಇದೆ ಎಂದು ಕಣ್ಣಾರೆ ನೋಡಿ.

ಹಿಂದಿರುಗುವ ದಾರಿ

ಇದು ಹೆಚ್ಚಿನವರು ಮರೆಯುವ ವಿಷಯ. ಮುಳುಗಿದ ಮೇಲೆ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗುತ್ತದೆ. ವಿಮಾನ ಏರುವ ಮೊದಲು ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಬೇಕೆಂಬ ಸಲಹೆ ಅನ್ವಯಿಸುವುದು ಸುಮಾರು 600 ಮೀಟರ್ ಎತ್ತರದಿಂದ ಮೇಲಕ್ಕೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1,150. ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವುದು ಈ ಲೆಕ್ಕದಲ್ಲಿ ತಪ್ಪು. ಕಾಸರಗೋಡು, ಮಂಗಳೂರಿಗೆ ಕರಾವಳಿ ದಾರಿಯಲ್ಲೇ ಬರುವವರಿಗೆ ತೊಂದರೆಯಿಲ್ಲ. ಬೆಂಗಳೂರಿನಿಂದ ಬಂದು ಜತೆ ಸೇರುವ ಮಕ್ಕಳು, ನೆಂಟರಿಗೆ ಒಂದು ರಾತ್ರಿ ಹೆಚ್ಚು ಕೋಣೆ ಹಿಡಿಯಿರಿ. ಲಕ್ಷದ್ವೀಪದ ಅಗತ್ತಿಯಿಂದ ವಿಮಾನ ಹಿಡಿಯುವವರೂ ಕೊನೆಯ ದಿನ ನೀರಿಗೆ ಇಳಿಯಬಾರದು.

ಇನ್ನು ಹಣದ ಲೆಕ್ಕ. ಪ್ರಯಾಣ, ಕೋಣೆ, ಊಟ, ದೋಣಿ ಎಲ್ಲ ಕೂಡಿಸಿ, ಸಿಗುವ ಮುಳುಗುಗಳ ಸಂಖ್ಯೆಯಿಂದ ಭಾಗಿಸಿ. ಕಡಲು ಕೆಟ್ಟು ಒಂದು ದಿನ ಹೋಯಿತೆಂದೇ ಹಿಡಿದು ಲೆಕ್ಕ ಹಾಕಿ. ಹಾಗೆ ನೋಡಿದರೆ ಮುರುಡೇಶ್ವರದ ಸಾದಾ ಲಾಡ್ಜಿನಲ್ಲಿ ಮೂರು ರಾತ್ರಿ ಕಳೆಯುವುದೇ, ಸ್ಕೂಬಾವನ್ನು ಜಾಹೀರಾತಿಗೆಂದು ಸೇರಿಸಿಕೊಂಡ ದುಬಾರಿ ರೆಸಾರ್ಟಿನ ಎರಡು ರಾತ್ರಿಗಿಂತ ಮೇಲು. ದೋಣಿ ಹೊರಡದಿದ್ದರೆ ಹಣ ವಾಪಸೋ ಬೇರೆ ದಿನವೋ, ದೋಣಿ ಹೋಗಿ ನೀರು ಕಲಕಿದ್ದರಿಂದ ನೀವೇ ಇಳಿಯದಿದ್ದರೆ ಏನು—ಈ ಎರಡನ್ನೂ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಂಡ ಮೇಲೆ ಮುಂಗಡ ಕಳುಹಿಸಿ.